ನಲವತ್ತೊಂದು ಜನ ನೋಡಿದ ಪುಟ

ಕಂತು ಒಂಬತ್ತು

"ಮೂರು ತಿಂಗಳಿಗೆ ನಲವತ್ತೊಂದು ಜನ! ಬರೀ ನಲವತ್ತೊಂದು! ನಾನು ಹೋಗೋ ಕ್ಷೌರದಂಗಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಅದಕ್ಕಿಂತ ಹೆಚ್ಚು ಜನ ಕೂತಿರ್ತಾರೆ!"

ಕಡ್ಡಿ ಮೇಜಿಗೆ ಅಂಗೈ ಬಡಿದ. ಪೆನ್ನಿನ ಡಬ್ಬ ಉರುಳಿ ಬಿತ್ತು.

"ಮೇಜು ನಂದು," ಅಂದಳು ಪುಟದಮ್ಮ, ಪೆನ್ನುಗಳನ್ನು ಒಂದೊಂದಾಗಿ ಹೆಕ್ಕುತ್ತ. "ಬಡೀಲೇಬೇಕು ಅಂದ್ರೆ ನಿಮ್ಮ ಹಣೆ ಬಡ್ಕೊಳ್ಳಿ."

"ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಆ ಹೆಂಗಸು ಸಹಿ ಹಾಕ್ತಾಳೆ, ಗೊತ್ತಾ? ಹಾಕಿದ್ಮೇಲೆ ನಿಮ್ಮ ಪುಟಾನ ಏನ್ ಮಾಡ್ಬೇಕು? ಉಪ್ಪಿನಕಾಯಿ?"

"ಕೂತ್ಕೊಂಡು ಕೂಗಿ. ನಿಂತ್ಕೊಂಡು ಕೂಗಿದ್ರೆ ಕೆಳಗಡೆಯವರು ಮೇಲೆ ಬರ್ತಾರೆ."

ಕೆಳಗೆ ಬಟ್ಟೆ ಒಗೆಯುವ ಅಂಗಡಿ. ಅದರ ಹಬೆ ಹಲಗೆಯ ನೆಲದ ಸಂದುಗಳಿಂದ ಏರಿ ಬಂದು ಈ ಕೋಣೆಯ ಗೋಡೆಗಳು ಯಾವಾಗಲೂ ಬೆವೆತಿರುತ್ತಿದ್ದವು. ಇಲ್ಲಿ ಕೂತು ಪುಟದಮ್ಮ ಸಣ್ಣಪುಟ್ಟ ಅಂಗಡಿಗಳಿಗೆ ಇಂಟರ್ನೆಟ್ಟಿನ ಪುಟ ಬರೆದುಕೊಡುತ್ತಿದ್ದಳು. ಕಟ್ಟುಹಲ್ಲು ಮಾಡುವವನಿಗೆ, ಕಿಟಕಿಗೆ ಸೊಳ್ಳೆ ಪರದೆ ಹಾಕುವವನಿಗೆ, ಕುರ್ಚಿಗೆ ಬೆತ್ತ ಹೆಣೆಯುವವನಿಗೆ. ಜನ ಹುಡುಕಿದಾಗ ಇವರ ಹೆಸರು ಮೇಲೆ ಬರುವಂತೆ ಮಾಡುವುದು ಅವಳ ಕಸುಬು.

ಕಡ್ಡಿಯ ಕಸುಬು ಬೇರೆ. ಇಪ್ಪತ್ತೆರಡು ವರ್ಷ ಪೊಲೀಸು ಠಾಣೆಯಲ್ಲಿ ದಿನಚರಿ ಬರೆದು, ಮೇಲಧಿಕಾರಿಯ ಮುಖಕ್ಕೇ ಕಡ್ಡಿ ಮುರಿದ ಹಾಗೆ ಮಾತಾಡಿ ಹೊರಬಿದ್ದವನು. ಹೆಸರು ಹಾಗೆ ಬಂದದ್ದು. ಈಗ ಬಾಡಿಗೆ ಪತ್ತೇದಾರ. ವಯಸ್ಸು ಐವತ್ತು ದಾಟಿತ್ತು. ಕೋಪ ಮಾತ್ರ ಇಪ್ಪತ್ತರಲ್ಲೇ ನಿಂತಿತ್ತು.

ಏಳು ತಿಂಗಳ ಹಿಂದೆ ಹೊಲಿಗೆ ಮೆಷೀನು ರಿಪೇರಿಯವನೊಬ್ಬ ಮನೆಯಿಂದ ಹೊರಟವನು ಹಿಂತಿರುಗಲಿಲ್ಲ. ಮೂರು ವಾರದ ಹಿಂದೆ ಹೊಳೆಯಲ್ಲಿ ಒಂದು ಹೆಣ ಸಿಕ್ಕಿತು. ಮುಖ ಗುರುತು ಹತ್ತುವ ಸ್ಥಿತಿಯಲ್ಲಿರಲಿಲ್ಲ. ಮೈಮೇಲಿದ್ದ ಕೋಟು ಮಾತ್ರ ಅವನದೇ. ಅವನನ್ನು ಹುಡುಕುವ ಕೆಲಸವನ್ನು ಕಡ್ಡಿಗೆ ಒಪ್ಪಿಸಿದ್ದ ಅವನ ಹೆಂಡತಿ ನಾಳೆ ಶವಾಗಾರದ ಕಚೇರಿಗೆ ಹೋಗಿ 'ಇದು ನನ್ನ ಗಂಡ' ಎಂಬ ಕಾಗದಕ್ಕೆ ಸಹಿ ಹಾಕಬೇಕು. ಹಾಕಿದರೆ ಕಡತ ಮುಚ್ಚಿತು. ಆಮೇಲೆ ಅವನನ್ನು ಹುಡುಕುವವರು ಯಾರೂ ಇಲ್ಲ.

"ನಾನು ಮೊದಲೇ ಹೇಳ್ದೆ," ಕಡ್ಡಿ ಕುರ್ಚಿ ಎಳೆದುಕೊಂಡ. "ದೊಡ್ಡ ಮಾತು ಹಾಕಿ ಅಂತ. 'ಹೊಲಿಗೆ ಮೆಷೀನ್ ರಿಪೇರಿ'. ಜಗತ್ತೆಲ್ಲ ಹುಡುಕೋದು ಅದನ್ನೇ."

"ಹಾಕಿದ್ವಲ್ಲ! ಈ ಪುಟಕ್ಕೂ ಮುಂಚೆ ಒಂದು ತಿಂಗಳು, ನಿಮ್ಮ ಹಟಕ್ಕೆ, ದುಡ್ಡು ಕೊಟ್ಟು ಮೇಲೆ ಬರೋ ಹಾಗೆ. ಎಷ್ಟು ಫೋನು ಬಂತು?"

ಇನ್ನೂರ ಹದಿನೇಳು ಬಂದಿದ್ದವು. ಒಬ್ಬ ಫ್ಯಾನು ರಿಪೇರಿ ಮಾಡ್ತೀರಾ ಎಂದು ಕೇಳಿದ. ಒಬ್ಬ ಹಳೇ ಫ್ರಿಜ್ಜು ಕೊಳ್ತೀರಾ ಅಂದ. ಒಬ್ಬಾಕೆ ಮುಕ್ಕಾಲು ಗಂಟೆ ತನ್ನ ಸೊಸೆಯ ಮೇಲೆ ದೂರು ಹೇಳಿ, ಮೆಷೀನಿನ ಮಾತೇ ಎತ್ತದೆ ಇಟ್ಟುಬಿಟ್ಟಳು.

"ಆ ಮೂರು ಪದಕ್ಕೆ ದೊಡ್ಡ ದೊಡ್ಡ ಕಂಪನಿಗಳು ಮುಂದಿನ ಸಾಲಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿವೆ ಸಾರ್. ದುಡ್ಡು ಕೊಡದಿದ್ರೆ ನಮ್ಮನ್ನ ನೋಡೋಕೆ ನಾಲ್ಕನೇ ಪುಟಕ್ಕೆ ಬರ್ಬೇಕು, ಯಾರು ಬರ್ತಾರೆ? ಬಂದ್ರೂ ಏನು? ಸಂತೆ ಮಧ್ಯೆ ನಿಂತು 'ಅಣ್ಣಾ' ಅಂತ ಕೂಗಿದ್ರೆ ಸಾವಿರ ಜನ ತಿರುಗ್ತಾರೆ. ನಮಗೆ ಬೇಕಾದ ಅಣ್ಣ ತಿರುಗಲ್ಲ."

"ಅದಕ್ಕೇ ನೀವು ಮೈಲುದ್ದದ ವಾಕ್ಯ ಬರೆದ್ರಿ."

"ಹೂಂ. ನಮ್ಮ ಕಸುಬಲ್ಲಿ ಅದಕ್ಕೆ ಲಾಂಗ್ ಟೇಲ್ ಅಂತಾರೆ. ಉದ್ದ ಬಾಲ."

"ಬಾಲ ಅಂದ್ರೆ ನನಗೆ ಗೊತ್ತಿರೋದು ನಾಯೀದು ತಾಯಿ. ನಳಿಕೆಗೆ ಹಾಕಿದ್ರೂ ಡೊಂಕು."

ಪುಟದಮ್ಮ ನಗಲಿಲ್ಲ. "ಎಲ್ಲರೂ ಕೇಳೋ ನಾಲ್ಕು ಮಾತು ತಲೆ ಇದ್ದ ಹಾಗೆ, ದಪ್ಪಗೆ ಎದ್ದು ಕಾಣುತ್ತೆ. ಅಲ್ಲೊಬ್ಬ ಇಲ್ಲೊಬ್ಬ ಕೇಳೋ ಲಕ್ಷಾಂತರ ಮಾತು ಅದರ ಹಿಂದೆ ತೆಳ್ಳಗೆ ಎಳ್ಕೊಂಡು ಹೋಗುತ್ತೆ, ಅದು ಬಾಲ. ಎರಡು ಮೂರು ಪದ ಹೊಡೆಯೋನು ಸುಮ್ನೆ ಕಣ್ಣಾಡಿಸೋಕೆ ಬಂದೋನು. ಹನ್ನೆರಡು ಪದ ಹೊಡೆಯೋನಿಗೆ ಮಾತ್ರ ನಿಜವಾಗಿ ತೊಂದರೆ ಇರುತ್ತೆ. ಮತ್ತೊಂದು ಹೇಳ್ತೀನಿ ಕೇಳಿ. ಮನೇಲಿ ಕೇಳೋಕೆ ಜನ ಇದ್ದೋರು ಯಾರೂ ಅಷ್ಟುದ್ದ ಟೈಪ್ ಮಾಡಲ್ಲ."

ಕಡ್ಡಿ ಕಿಟಕಿಯ ಕಡೆ ನೋಡಿದ. ಹೋದ ವಾರ ಅವನೇ ತನ್ನ ಫೋನಿನಲ್ಲಿ 'ಒಬ್ಬನಿಗೆ ಮಾತ್ರ ಅಡುಗೆ ಮಾಡುವಾಗ ಉಪ್ಪು ಎಷ್ಟು ಹಾಕಬೇಕು' ಎಂದು ಬೆರಳು ನೋಯುವಷ್ಟು ಹೊತ್ತು ಒತ್ತಿದ್ದ. ಅದನ್ನು ಈಕೆಗೆ ಹೇಳುವ ಅಗತ್ಯ ಅವನಿಗೆ ಕಾಣಲಿಲ್ಲ.

ಅವಳ ಉಪಾಯ ಮಾತ್ರ ಒಳ್ಳೆಯದೇ ಇತ್ತು. ಒಪ್ಪಿಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ, ಅಷ್ಟೆ.

ಕಾಣೆಯಾದವನಿಗೆ ಕೆಲಸದಲ್ಲಿ ಒಂದು ಚಾಳಿ ಇತ್ತು. ಕಾಲಿನಿಂದ ತುಳಿಯುವ ಮೆಷೀನಿನ ತೊಗಲು ಬೆಲ್ಟು ಹಳತಾದರೆ ಸಡಿಲವಾಗುತ್ತದೆ. ಬೇರೆ ಯಾವ ರಿಪೇರಿಯವನಾದರೂ ಬೆಲ್ಟನ್ನು ಒಂದಿಂಚು ಕತ್ತರಿಸಿ ಬಿಗಿ ಮಾಡುತ್ತಾನೆ. ಇವನು ಕತ್ತರಿ ಮುಟ್ಟುತ್ತಿರಲಿಲ್ಲ. "ಕತ್ತರಿಸಿದ್ದು ಮತ್ತೆ ಉದ್ದ ಆಗಲ್ಲ" ಅನ್ನುತ್ತಿದ್ದನಂತೆ. ಬದಲಿಗೆ ಕೈಚಕ್ರದಲ್ಲಿ ಬೆಲ್ಟು ಕೂರುವ ಕಚ್ಚಿನೊಳಗೆ ಬಟ್ಟೆಯ ಪಟ್ಟಿಯೊಂದನ್ನು ಮಡಿಸಿ ಸುತ್ತಿಬಿಡುತ್ತಿದ್ದ. ಬೆಲ್ಟು ಕಚ್ಚಿಕೊಳ್ಳುತ್ತಿತ್ತು. ಬಟ್ಟೆ ಸವೆದ ದಿನ ಮತ್ತೆ ಜಾರುತ್ತಿತ್ತು. ಎಣ್ಣೆ ಹಾಕಲು ಹೋದವರು ಆ ಪಟ್ಟಿ ನೋಡಿ, ಇದೇನು ಕಸ ಎಂದು ಕಿತ್ತು ಹಾಕಿ, ಆಮೇಲೆ ತಲೆ ಕೆರೆದುಕೊಳ್ಳುತ್ತಿದ್ದರು.

ಹಾಗೆ ತಲೆ ಕೆರೆದುಕೊಂಡವರು ಏನೆಂದು ಹುಡುಕುತ್ತಾರೆ? 'ತುಳಿಯುವ ಹೊಲಿಗೆ ಮೆಷೀನಿನ ಕೈಚಕ್ರದ ಕಚ್ಚಿನಲ್ಲಿ ಬಟ್ಟೆ ಸುತ್ತಿದೆ, ತೆಗೆದರೆ ಬೆಲ್ಟು ಜಾರುತ್ತದೆ, ಏನು ಮಾಡಬೇಕು?' ಎಂದೇ ಹುಡುಕುತ್ತಾರೆ. ಪುಟದಮ್ಮ ಆ ಪ್ರಶ್ನೆಯನ್ನೇ ತಲೆಬರಹ ಮಾಡಿ, ಉತ್ತರ ಬರೆದು, ಕೆಳಗೆ ಒಂದು ಖಾನೆ ಇಟ್ಟಿದ್ದಳು: 'ನಿಮ್ಮ ಮೆಷೀನಿಗೂ ಹೀಗೇ ಆಗಿದೆಯೇ? ದಯವಿಟ್ಟು ಬರೆಯಿರಿ.'

ಮನುಷ್ಯ ತಪ್ಪಿಸಿಕೊಳ್ಳಬಹುದು. ಅವನ ಕೈಚಾಳಿ ತಪ್ಪಿಸಿಕೊಳ್ಳದು. ಅವನು ಎಲ್ಲಿ ಹೊಟ್ಟೆ ಹೊರೆಯುತ್ತಾನೋ ಅಲ್ಲೊಂದು ಮೆಷೀನು ಜಾರುತ್ತದೆ, ಅದರ ಮುಂದೆ ಕೂತವರು ಈ ಪ್ರಶ್ನೆ ಕೇಳುತ್ತಾರೆ.

"ಸರಿ," ಕಡ್ಡಿ ದನಿ ಇಳಿಸಿದ. "ನಲವತ್ತೊಂದು ಜನ ಬಂದು ನೋಡಿದ್ರು. ಬರೆದೋರು ಎಷ್ಟು ಜನ?"

"ಬಾಯಿಗೆ ಬಿಡುವು ಕೊಟ್ಟಿದ್ರೆ ಆಗ್ಲೇ ಹೇಳ್ತಿದ್ದೆ. ಒಬ್ಬರು. ನಿನ್ನೆ ಮಧ್ಯಾಹ್ನ ಮೂರೂಕಾಲಿಗೆ."

ಅವಳು ಕಾಗದ ಮುಂದೆ ತಳ್ಳಿದಳು. ನಾಲ್ಕೇ ಸಾಲು.

'ನಾನು ಬಂದರಿನ ಊರಿನವಳು. ಹೋದ ವಾರ ಒಬ್ಬರು ಬಂದು ನಮ್ಮ ಮೆಷೀನು ಸರಿ ಮಾಡಿದರು. ಚಕ್ರದಲ್ಲಿ ಹಸಿರು ಅಳತೆ ಟೇಪಿನ ತುಂಡು ಸುತ್ತಿದ್ದಾರೆ. ಅವರು ಆರೋಗ್ಯವಾಗಿದ್ದಾರೆ.'

ಕಡ್ಡಿ ಕಾಗದವನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ಓದಿದ.

ಹಸಿರು ಟೇಪು! ಹೆಂಡತಿಯ ಹಸಿರು ಅಳತೆ ಟೇಪು ಅವನು ಹೋದ ದಿನವೇ ಮನೆಯಿಂದ ಕಾಣೆಯಾಗಿತ್ತು. ಅದನ್ನು ಅವಳು ಕಡ್ಡಿಗೊಬ್ಬನಿಗೇ ಹೇಳಿದ್ದಳು. ಕಡ್ಡಿ ಅದನ್ನು ಪುಟದಲ್ಲಿ ಹಾಕಿಸಿರಲಿಲ್ಲ, ಪುಟದಮ್ಮನಿಗೂ ಹೇಳಿರಲಿಲ್ಲ. ಹಳೇ ಪೊಲೀಸು ಬುದ್ಧಿ. ಯಾವ ಪ್ರಕರಣದಲ್ಲೂ ಒಂದು ಮಾತನ್ನು ಜೇಬಿನಲ್ಲೇ ಇಟ್ಟುಕೊಳ್ಳಬೇಕು; ಸುಳ್ಳುಗಾರನನ್ನು ಅಳೆಯಲು ಅದೇ ಕೋಲು.

"ಸಿಕ್ಕಿದ!" ಎದ್ದು ನಿಂತ. "ಹೋದ ವಾರ ಅಂದ್ರೆ... ಹೆಣ ಸಿಕ್ಕಿ ಮೂರು ವಾರ! ಅವನು ಬದುಕಿದ್ದಾನೆ!"

"ಕೂತ್ಕೊಳ್ಳಿ."

"ಇನ್ನೇನು ಕೂತ್ಕೊಳ್ಳೋದು!"

"ಕೂತ್ಕೊಳ್ಳಿ ಸಾರ್. ಬಂದರಿನ ಊರು ಅಂತ ಬರೆದಿದ್ದಾರೆ. ಆದ್ರೆ ನೋಡಿದೋರು ಯಾವ ಊರಿಂದ ನೋಡಿದ್ರು ಅಂತ ಪುಟದ ಲೆಕ್ಕ ಅಂದಾಜು ಹೇಳುತ್ತೆ. ಒಂದೊಂದ್ಸಲ ತಪ್ಪೂ ಹೇಳುತ್ತೆ. ಆದ್ರೆ ಇದು..." ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. "ನಿನ್ನೆ ಇಡೀ ದಿನ ಆ ಪುಟಕ್ಕೆ ಬಂದಿದ್ದು ಒಬ್ಬರೇ. ಅದೂ ನಮ್ಮ ಊರಿಂದಲೇ. ಹುಡುಕ್ಕೊಂಡೂ ಬಂದಿಲ್ಲ. ವಿಳಾಸ ಗೊತ್ತಿದ್ದು ನೇರವಾಗಿ ತೆಗೆದಿದ್ದಾರೆ."

ಕಡ್ಡಿ ಕಾಗದ ಮಡಿಸಿದ. ಅವನ ಹುಬ್ಬುಗಳು ಒಂದಕ್ಕೊಂದು ಕೂಡಿಕೊಂಡವು.

"ನೀವೇ ಬರೆದ್ರಾ? ಕೆಲಸ ತೋರಿಸೋಕೆ?"

ಪುಟದಮ್ಮ ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. "ನಾನು ಬರೆದಿದ್ರೆ ಬಂದರಿನ ಊರಿಂದ ಬಂದ ಹಾಗೆ ಕಾಣೋ ತರ ಬರೆಯೋಕೆ ನನಗೆ ಬರುತ್ತೆ ಸಾರ್. ಎದ್ದು ಹೋಗಿ. ನಿಮ್ಮ ಮೂತಿ ನೋಡೋಕೆ ಇಷ್ಟ ಇಲ್ಲ ನನಗೆ."

ಹಸಿರು ಟೇಪಿನ ಮಾತು ಅವಳಿಗೆ ಗೊತ್ತೇ ಇರಲಿಲ್ಲ ಎಂಬುದು ಮೆಟ್ಟಿಲು ಇಳಿಯುವಾಗ ನೆನಪಾಯಿತು; ಆಗ ಅವನಿಗೂ ತನ್ನ ಮೂತಿಯ ಬಗ್ಗೆ ಅಷ್ಟೇನೂ ಒಳ್ಳೆಯ ಅಭಿಪ್ರಾಯ ಇರಲಿಲ್ಲ.

*

ಕಾಣೆಯಾದವನ ಹೆಂಡತಿ ಹೊಲಿಗೆಯವಳು; ಅವಳ ಅಂಗಡಿ ಮೂರು ಬೀದಿ ಆಚೆ. ಕಿರಿದಾದ ಉದ್ದನೆಯ ಕೋಣೆ, ರೈಲಿನ ಡಬ್ಬಿಯಂಥದ್ದು. ಪಕ್ಕದಲ್ಲಿ ಗುಂಡಿ, ದಾರ, ಜಿಪ್ಪು ಮಾರುವವನ ಅಂಗಡಿ. ಕೋಟು ಗುರುತಿಸಿದ್ದು ಈ ಗುಂಡಿಯವನೇ. ಮೂರನೇ ಗುಂಡಿ ತಾನೇ ಕೊಟ್ಟದ್ದು, ಬಣ್ಣ ಹೊಂದದೆ ಕಂದು ದಾರದಲ್ಲಿ ಹೊಲಿದದ್ದು ಎಂದು ಠಾಣೆಯಲ್ಲಿ ಬರೆಸಿದ್ದ. ಯಾರೂ ಕೇಳದಿದ್ದರೂ ತಾನಾಗಿ ಹೋಗಿ ಬರೆಸಿದ್ದ ಎನ್ನುವುದು ಕಡ್ಡಿಯ ತಲೆಯಲ್ಲಿ ಮುಳ್ಳಿನ ಹಾಗೆ ಇತ್ತು.

"ಸಾರ್, ಸಾರ್," ಗುಂಡಿಯವ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕತ್ತು ಚಾಚಿದ. "ಅತ್ತಿಗೆಗೆ ಒಂದು ಮಾತು ಹೇಳಿ. ನಾಳೆ ಸಹಿ ಹಾಕಿ ಮುಗಿಸ್ಲಿ. ಎಷ್ಟು ದಿನ ಅಂತ ಹೀಗೆ?"

"ನಿಮಗೇನು ಅಷ್ಟು ಅವಸರ?"

"ನನಗೇನು ಅವಸರ ಸಾರ್. ಪಕ್ಕದವನು. ಗೋಡೆ ತೆಳ್ಳಗಿದೆ. ಅವರು ಒಬ್ಬರೇ ಮಾತಾಡೋದು ಕೇಳಿಸುತ್ತೆ."

ಕಡ್ಡಿ ಆ ಗೋಡೆಯ ಕಡೆ ಒಮ್ಮೆ ನೋಡಿದ. ಒಳಗೆ ಹೋದ.

ಎರಡು ಮೆಷೀನುಗಳು ಅಕ್ಕಪಕ್ಕ. ಒಂದರಲ್ಲಿ ಅವಳು ಯಾರದೋ ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತಿದ್ದಳು. ಇನ್ನೊಂದಕ್ಕೆ ಬಟ್ಟೆ ಹೊದಿಸಿತ್ತು. ಅದರ ಸ್ಟೂಲು ಒಳಗೆ ಸೇರಿಸಿತ್ತು. ಗೋಡೆಯ ಮೊಳೆಗೆ ಎಣ್ಣೆ ಡಬ್ಬಿ, ಅದರ ಕೊಕ್ಕಿನ ತುದಿಯಲ್ಲಿ ಧೂಳು ಅಂಟಿ ಗಟ್ಟಿಯಾಗಿತ್ತು. ಅವಳ ತುಟಿಗಳ ನಡುವೆ ಮೂರು ಗುಂಡುಸೂಜಿ.

"ಬನ್ನಿ ಅಣ್ಣಾ," ಅಂದಳು ಸೂಜಿಗಳ ಸಂದಿನಿಂದ. "ಇದೊಂದು ಕಾಲು ಮುಗಿಸ್ತೀನಿ. ಮೇಷ್ಟ್ರು ಐದಕ್ಕೆ ಬರ್ತಾರೆ."

ಕಡ್ಡಿ ನಿಂತೇ ಇದ್ದ. ಕಾಗದ ತೆಗೆದು ಮೆಷೀನಿನ ಮೇಲಿಟ್ಟ. "ಒಂದು ಸುದ್ದಿ ಬಂದಿದೆ ತಂಗಿ. ಓದು."

ಅವಳು ಓದಿದಳು. ಕಣ್ಣು ಮೇಲಿಂದ ಕೆಳಕ್ಕೆ ಒಂದೇ ಉಸಿರಿಗೆ ಇಳಿಯಿತು. ಇಪ್ಪತ್ತೆರಡು ವರ್ಷದಲ್ಲಿ ಕಡ್ಡಿ ಸಾವಿರಾರು ಜನಕ್ಕೆ ಸಾವಿರಾರು ಕಾಗದ ಓದಲು ಕೊಟ್ಟಿದ್ದ. ಗಂಡ ಬದುಕಿದ್ದಾನೆ ಎಂಬ ಮಾತನ್ನು ಮೊದಲ ಸಲ ಓದುವವರು ಅದೇ ಸಾಲನ್ನು ನಾಲ್ಕು ಸಲ ಓದುತ್ತಾರೆ. ಬೆರಳಿಟ್ಟು ಓದುತ್ತಾರೆ. ಮೊದಲೇ ಗೊತ್ತಿರುವವರ ಕಣ್ಣು ಸಾಲಿನ ಮೇಲೆ ನಿಲ್ಲುವುದಿಲ್ಲ.

"ಬದುಕಿದ್ದಾರೆ," ಅಂದಳು. ಅಳು ತರಿಸಿಕೊಳ್ಳಲು ನೋಡಿದಳು. ಬರಲಿಲ್ಲ.

"ನಿನ್ನೆ ಮೂರೂಕಾಲಿಗೆ ನೀನು ಎಲ್ಲಿದ್ದೆ?"

"ಇಲ್ಲೇ. ಇನ್ನೆಲ್ಲಿ ಹೋಗ್ಲಿ?"

"ಫೋನು ಕೈಯಲ್ಲಿತ್ತು."

ಅವಳು ಚಕ್ರ ತಿರುಗಿಸಿದಳು. ಸೂಜಿ ನಾಲ್ಕು ಸಲ ಬಟ್ಟೆಗಿಳಿದು ನಿಂತಿತು.

"ಹಸಿರು ಟೇಪಿನ ವಿಷಯ ಈ ಭೂಮಿ ಮೇಲೆ ಮೂರೇ ಜನಕ್ಕೆ ಗೊತ್ತು ತಂಗಿ. ನಾನು ಬರೆದಿಲ್ಲ. ಅವನು ಬರೆದಿದ್ರೆ ನಮ್ಮ ಊರಿಂದ ಬರೀತಿರಲಿಲ್ಲ. ಉಳಿದೋರು ಯಾರು?"

"ಗೊತ್ತಾದ ಮೇಲೆ ಯಾಕೆ ಕೇಳ್ತೀರಾ?"

"ನಿನ್ನ ಬಾಯಲ್ಲಿ ಕೇಳೋಕೆ!"

"ನಾನೇ ಬರೆದೆ." ಸೂಜಿಗಳನ್ನು ಬಾಯಿಂದ ತೆಗೆದು ಒಂದೊಂದಾಗಿ ದಿಂಬಿಗೆ ಚುಚ್ಚಿದಳು. "ಸಮಾಧಾನ ಆಯ್ತಾ?"

ಕಡ್ಡಿಗೆ ತಲೆಗೇರಿತು. "ಸಮಾಧಾನವಾ? ಈ ಕಾಗದ ಹಿಡ್ಕೊಂಡು ನಾಳೆ ಆ ಕಚೇರಿಗೆ ಹೋಗಿದ್ದಿದ್ರೆ ನನ್ನ ಮೀಸೆ ಮಣ್ಣಾಗ್ತಿತ್ತು! ಸುಳ್ಳು ಸಾಕ್ಷಿ! ನನ್ನನ್ನ ಏನಂತ ತಿಳ್ಕೊಂಡಿದ್ದೀಯ?"

"ನಿಮಗೆ ನಿಮ್ಮ ಮೀಸೆ ಚಿಂತೆ."

"ಮತ್ತೆ ನಿನಗೆ ಯಾವ ಚಿಂತೆ? ಬೇರೆಯವರನ್ನ ಮಂಗ ಮಾಡೋದಾ?"

"ಕೂಗ್ಬೇಡಿ. ಗೋಡೆ ತೆಳ್ಳಗಿದೆ." ಅವಳ ದನಿ ಏರಲಿಲ್ಲ. ಅದೇ ಅವನನ್ನು ಇನ್ನೂ ಕೆರಳಿಸಿತು. "ನೀವು ಆ ಪುಟದ ವಿಳಾಸ ಕೊಟ್ಟಿದ್ರಲ್ಲ, ತೆಗೆದು ನೋಡಿದೆ. ಅವರು ಪಟ್ಟಿ ಹೇಗೆ ಮಡಿಸ್ತಾರೆ, ಹೇಗೆ ಸುತ್ತುತ್ತಾರೆ ಅಂತ ಎಲ್ಲ ಬರೆದಿತ್ತು. ನಾನು ಹೇಳಿದ್ದೇ. ಆದ್ರೂ ಬೇರೆ ಯಾರೋ ಅವರನ್ನ ನೋಡಿ ಬಂದು ಹೇಳಿದ ಹಾಗಿತ್ತು. ಕೆಳಗಡೆ 'ನಿಮ್ಮ ಮೆಷೀನಿಗೂ ಹೀಗೇ ಆಗಿದೆಯೇ, ದಯವಿಟ್ಟು ಬರೆಯಿರಿ' ಅಂತ ಇತ್ತು. ದಯವಿಟ್ಟು ಅಂತೆ! ಏಳು ತಿಂಗಳಲ್ಲಿ ಅಷ್ಟು ಮರ್ಯಾದೆಯಾಗಿ ನನ್ನನ್ನ ಯಾರೂ ಏನೂ ಕೇಳಿರ್ಲಿಲ್ಲ ಅಣ್ಣಾ."

ಕಡ್ಡಿ ಸ್ಟೂಲು ಹುಡುಕಿದ. ಒಳಗೆ ಸೇರಿಸಿಟ್ಟ ಸ್ಟೂಲು ಎಳೆಯಲು ಕೈ ಚಾಚಿ, ಅದು ಯಾರದೆಂದು ನೆನಪಾಗಿ, ಕೈ ಹಿಂದೆ ತೆಗೆದ. ನಿಂತೇ ಇದ್ದ.

"ಬರೆದು ಕಳಿಸಿದೆ," ಅವಳು ಮುಂದುವರಿಸಿದಳು. "ಆರೋಗ್ಯವಾಗಿದ್ದಾರೆ ಅಂತ. ಅರ್ಧ ಗಂಟೆ ನನಗೇ ನಿಜ ಅನ್ನಿಸ್ತು. ಎದ್ದು ಹೋಗಿ ಮುಖ ತೊಳ್ಕೊಂಡೆ. ಅರ್ಧ ಗಂಟೆ ಏನು ಕಡಿಮೆನಾ?"

"ಹುಚ್ಚು."

"ಹೂಂ. ಹುಚ್ಚೇ. ನಾಳೆ ಹತ್ತಕ್ಕೆ ಅದೂ ಮುಗಿಯುತ್ತೆ. ಒಬ್ಬ ಮನುಷ್ಯ ಇದ್ದಾನೋ ಸತ್ತನೋ ಅನ್ನೋದು ನನ್ನ ಪೆನ್ನಲ್ಲಿ ಕೂತಿದೆ. ನನಗೆ ಸಹಿ ಹಾಕೋ ಮನಸ್ಸಿಲ್ಲ. ಹಾಕಲ್ಲ ಅನ್ನೋಕೆ ಒಂದು ಕಾರಣ ಬೇಕಿತ್ತು. ಯಾರೂ ಕೊಡ್ಲಿಲ್ಲ, ನಾನೇ ಮಾಡ್ಕೊಂಡೆ."

ಆಗ ಕಡ್ಡಿಯ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಪುಟದಮ್ಮ.

"ಬೈಯೋಕೆ ಮಾಡಿದ್ರೆ ಆಮೇಲೆ ಮಾಡಿ," ಅಂದ ಕಡ್ಡಿ.

"ಬೈಯೋದು ಬಾಕಿ ಇದೆ, ಅದು ಆಮೇಲೆ. ಇನ್ನೊಂದು ಬಂತು ಸಾರ್! ಹತ್ತು ನಿಮಿಷ ಆಯ್ತು. ಹುಡುಕ್ಕೊಂಡೇ ಬಂದಿದ್ದಾರೆ, ನಮ್ಮ ಪ್ರಶ್ನೆ ಹೆಚ್ಚೂ ಕಡಿಮೆ ಹಾಗ್ಹಾಗೇ ಹೊಡೆದು. ಬರೆದ ನಂಬರಿಗೆ ಫೋನು ಮಾಡಿದೆ. ವಯಸ್ಸಾದ ಹೆಂಗಸು, ಪರದೆ ಹೊಲಿಯೋರು. ಬಂದರಿನ ಊರು, ನಿಜವಾಗ್ಲೂ ಬಂದರಿನ ಊರು!"

ಮೊದಲ ಸುಳ್ಳು ಕಾಗದದಲ್ಲಿ ಬಂದರಿನ ಊರೇ ಯಾಕಿತ್ತು? ಕಡ್ಡಿ ತಲೆಯೆತ್ತಿ ನೋಡಿದ. ಅವಳು ಎದ್ದು ನಿಂತಿದ್ದಳು.

"ಅವರಿಗೆ ಸಮುದ್ರ ಅಂದ್ರೆ ಇಷ್ಟ," ಕೇಳದಿದ್ದರೂ ಅವಳೇ ಹೇಳಿದಳು. "ಎಲ್ಲಾದ್ರೂ ಇದ್ರೆ ಅಲ್ಲೇ ಇರ್ತಾರೆ ಅಂದ್ಕೊಂಡೆ. ಜೋರಾಗಿ ಇಡಿ ಅಣ್ಣಾ. ನಾನೂ ಕೇಳ್ಬೇಕು."

ಕಡ್ಡಿ ಸ್ಪೀಕರು ಒತ್ತಿದ. ಆ ಒಂದು ಬೆರಳಿಗಾಗಿ ಮುಂದೆ ಅವನು ತನ್ನನ್ನು ತಾನೇ ಬೈದುಕೊಳ್ಳಲಿದ್ದ.

"ಓದ್ತೀನಿ ಕೇಳಿ," ಪುಟದಮ್ಮನ ದನಿ ಕೋಣೆ ತುಂಬಿತು. "'ಹತ್ತು ದಿನದ ಹಿಂದೆ ಒಬ್ಬರು ನಮ್ಮ ಹಳೇ ಮೆಷೀನು ಸರಿ ಮಾಡಿ ಕೊಟ್ಟರು. ನಿನ್ನೆ ಎಣ್ಣೆ ಹಾಕುವಾಗ ಚಕ್ರದ ಕಚ್ಚಿನಲ್ಲಿ ಬಟ್ಟೆ ಇತ್ತು, ತೆಗೆದುಬಿಟ್ಟೆ. ಈಗ ಬೆಲ್ಟು ಜಾರುತ್ತಿದೆ. ಬಟ್ಟೆ ಅಂದರೆ ಅಳತೆ ಟೇಪು, ಹಸಿರು ಬಣ್ಣದ್ದು. ಒಂದು ಕಡೆ ಇಸ್ತ್ರಿ ತಾಗಿ ಸುಟ್ಟ ಕಲೆ, ಅರ್ಧ ಚಂದ್ರನ ಹಾಗೆ...'"

ಹೊಲಿಗೆಯವಳು ಗೋಡೆಗೆ ಒರಗಿದಳು.

"ಸುಟ್ಟ ಕಲೆ ಇತ್ತಾ?" ಕಡ್ಡಿ ಪಿಸುಗುಟ್ಟಿದ. "ನೀನು ಹೇಳಿರ್ಲಿಲ್ಲ."

"ಇತ್ತು. ನಾನೇ ಸುಟ್ಟಿದ್ದು. ಅವತ್ತು ಇಬ್ಬರೂ ನಕ್ಕಿದ್ವಿ." ಈಗ ಅವಳ ಕಣ್ಣಿನಲ್ಲಿ ನೀರು ತಾನಾಗಿಯೇ ಬಂದಿತ್ತು. ಅಂಗೈಯಿಂದ ಒರೆಸಿಕೊಂಡು, ಮತ್ತೆ ಬಂದದ್ದನ್ನು ಒರೆಸದೆ ಬಿಟ್ಟಳು. "ಬದುಕಿದ್ದಾರೆ! ಅಣ್ಣಾ, ಬದುಕಿದ್ದಾರೆ! ನಾನು ಸಹಿ ಹಾಕ್ಬೇಕಿಲ್ಲ!"

ನಾಲ್ಕು ಸಾಲಿನ ಸುಳ್ಳು, ಒಂದು ದಿನ ತಡವಾಗಿ ನಿಜವಾಗಿತ್ತು. ಕಡ್ಡಿ ಫೋನನ್ನು ಅವಳ ಹತ್ತಿರಕ್ಕೆ ಹಿಡಿದ.

ಪುಟದಮ್ಮನಿಗೆ ಈ ಕಡೆಯ ಕೋಣೆ ಕಾಣುತ್ತಿರಲಿಲ್ಲ. ಅಲ್ಲಿ ಇನ್ನೊಬ್ಬಳು ಕೇಳುತ್ತಿದ್ದಾಳೆ ಎನ್ನುವುದೂ ಗೊತ್ತಿರಲಿಲ್ಲ. ಅವಳು ಓದುತ್ತ ಹೋದಳು.

"'...ಅವರನ್ನೇ ಕೇಳೋಣ ಎಂದರೆ ಮೊನ್ನೆ ಶುಕ್ರವಾರ ಕೋಣೆ ಖಾಲಿ ಮಾಡಿ ಹೊರಟುಹೋದರು. ಎಲ್ಲಿಗೆ ಎಂದು ಹೇಳಲಿಲ್ಲ. ಪಾಪ, ಒಂಟಿ ಮನುಷ್ಯ. ಹೆಂಡತಿ ತೀರಿಹೋಗಿ ಏಳು ತಿಂಗಳಾಯಿತು ಅಂದಿದ್ದರು. ಒಳ್ಳೆಯವಳಾಗಿದ್ದಳು, ಚೆನ್ನಾಗಿ ಹೊಲಿಯುತ್ತಿದ್ದಳು ಎಂದು ಹೇಳಿ ಅತ್ತರು. ಆ ಟೇಪು ಅವಳದಂತೆ. ಇನ್ನು ಈ ಬೆಲ್ಟಿಗೆ ನಾನು ಏನು...'"

ಕಡ್ಡಿ ಫೋನನ್ನು ಅಂಗೈಯಲ್ಲಿ ಮುಚ್ಚಿದ. ತಡವಾಗಿತ್ತು.

ಪಕ್ಕದ ಅಂಗಡಿಯಲ್ಲಿ ಗುಂಡಿಯವ ಡಬ್ಬಿಯಿಂದ ಡಬ್ಬಿಗೆ ಗುಂಡಿ ಸುರಿಯುವ ಸದ್ದು ಬರುತ್ತಿತ್ತು. ಅದೂ ನಿಂತಿತು.

"ತಂಗಿ," ಅಂದ ಕಡ್ಡಿ. "ಜನ ಏನೇನೋ ಹೇಳ್ತಾರೆ. ಮುದುಕಿ ತಪ್ಪು ಕೇಳಿಸ್ಕೊಂಡಿರ್ಬಹುದು. ಬಾಡಿಗೆಗೆ ಕೋಣೆ ಸಿಗ್ಲಿ ಅಂತ ಅವನೇ..."

ಅವನ ಬಾಯಿಗೆ ಸಮಾಧಾನದ ಮಾತು ಒಗ್ಗಿದ್ದಲ್ಲ. ಅರ್ಧಕ್ಕೇ ಮುರಿದು ಬಿತ್ತು.

ಅವಳು ಕೂಗಲಿಲ್ಲ. ಪ್ಯಾಂಟನ್ನು ಮೆಷೀನಿನಿಂದ ಬಿಡಿಸಿ, ದಾರ ಕಚ್ಚಿ ತುಂಡು ಮಾಡಿ, ಎರಡು ಕಾಲನ್ನೂ ಸಮ ಹಿಡಿದು ಮಡಿಸಿದಳು. ಮೇಲೊಂದು ಚೀಟಿ ಚುಚ್ಚಿದಳು. ಕತ್ತರಿ ಖಾನೆಯೊಳಗಿಟ್ಟು ಖಾನೆ ಮುಚ್ಚಿದಳು. ಪಕ್ಕದ ಮೆಷೀನಿನ ಹೊದಿಕೆ ಒಂದು ಕಡೆ ಜಾರಿತ್ತು. ಅದನ್ನು ಸರಿ ಮಾಡಲು ಕೈ ಹೋಯಿತು. ಮುಟ್ಟದೆ ಬಂತು.

"ಅಣ್ಣಾ, ಸ್ವಲ್ಪ ಅಂಗಡಿ ನೋಡ್ಕೊಳ್ಳಿ. ಮೇಷ್ಟ್ರು ಬಂದ್ರೆ ಇದು ಕೊಡಿ."

"ಎಲ್ಲಿಗೆ?"

"ಈಗ ಬಂದೆ."

"ನಾನೂ ಬರ್ತೀನಿ."

"ಬೇಡ. ಈಗ ಬಂದೆ ಅಂದ್ನಲ್ಲ."

ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟಿದಳು. ಎಡಗಡೆಗೆ ತಿರುಗಿ ಹೋದಳು.

ಐದಕ್ಕೆ ಮೇಷ್ಟ್ರು ಬಂದು ಪ್ಯಾಂಟು ಒಯ್ದರು. ಒಬ್ಬ ಹೆಂಗಸು ರವಿಕೆಯ ಅಳತೆ ಕೊಡಲು ಬಂದಳು; ಕಡ್ಡಿ ಮುಖ ಕೆಂಪಗೆ ಮಾಡಿಕೊಂಡು ನಾಳೆ ಬನ್ನಿ ಅಂದ. ಆರಾಯಿತು. ಗುಂಡಿಯವ ತನ್ನ ಬಾಗಿಲು ಎಳೆದು, ಹಣಕಿ ನೋಡಿ, ಬಾಯಿ ತೆರೆದು, ಕಡ್ಡಿಯ ಮುಖ ಕಂಡು ಮುಚ್ಚಿಕೊಂಡು ಹೋದ. ಫೋನು ಮಾಡಿದರೆ ಅವಳ ಫೋನು ಮೆಷೀನಿನ ಖಾನೆಯೊಳಗೇ ಗುರುಗುಟ್ಟಿತು. ಬೀದಿ ದೀಪ ಹತ್ತುವವರೆಗೆ ಕೂತಿದ್ದು, ಕಡ್ಡಿ ಶಟರು ಇಳಿಸಿ ಮನೆಗೆ ಹೋದ. ಅಡುಗೆ ಮಾಡಲಿಲ್ಲ.

*

ಮರುದಿನ ಹತ್ತು ಗಂಟೆಗೆ ಕರೆದಿದ್ದರೂ ಒಂಬತ್ತೂವರೆಗೇ ಅವನು ಶವಾಗಾರದ ಕಚೇರಿಯಲ್ಲಿದ್ದ. ಪರದೆ ಹೊಲಿಯುವಾಕೆಯ ಬರಹ, ಅವಳ ಫೋನು ನಂಬರು, ಪುಟದ ಲೆಕ್ಕ ಎಲ್ಲವನ್ನೂ ಪುಟದಮ್ಮ ಅಚ್ಚು ಹಾಕಿ ಕೊಟ್ಟಿದ್ದಳು. ಸಹಿ ತಡೆಯಲು ಇಷ್ಟು ಸಾಕು. ತಣ್ಣಗಿನ ಮೊಸಾಯಿಕ್ ನೆಲ, ಉದ್ದನೆಯ ಬೆಂಚು, ಗಾಜಿನ ಕಿಂಡಿಯ ಆಚೆ ಒಬ್ಬ ಗುಮಾಸ್ತ.

"ಹೊಳೆಯಲ್ಲಿ ಸಿಕ್ಕ ಹೆಣದ ವಿಚಾರ," ಅಂದ ಕಡ್ಡಿ. "ಹತ್ತಕ್ಕೆ ಒಬ್ಬಾಕೆ ಬರ್ತಾರೆ. ಅವರು ಸಹಿ ಹಾಕೋ ಮುಂಚೆ ಈ ಕಾಗದ ನೋಡ್ಬೇಕು."

"ಆಯ್ತಲ್ಲ ಸಾರ್."

"ಏನಾಯ್ತು?"

"ಸಹಿ. ಬಾಗಿಲು ತೆಗೆಯೋ ಮುಂಚೆನೇ ಬಂದು ನಿಂತಿದ್ರು. ರಾತ್ರಿ ನಿದ್ದೆ ಮಾಡಿದ ಹಾಗೆ ಕಾಣ್ಲಿಲ್ಲ." ಗುಮಾಸ್ತ ಕಡತ ತಿರುಗಿಸಿ ಗಾಜಿಗೆ ಒತ್ತಿ ಹಿಡಿದ. 'ಮೃತನು ನನ್ನ ಗಂಡನೆಂದು ದೃಢೀಕರಿಸುತ್ತೇನೆ.' ಅದರ ಕೆಳಗೆ ಅವಳ ಸಹಿ. ಅಕ್ಷರ ಎಲ್ಲೂ ನಡುಗಿರಲಿಲ್ಲ. ಒಳ್ಳೆ ಹೊಲಿಗೆಯ ಹಾಗೆ ನೇರವಾಗಿತ್ತು.

"ಹೆಣ ನೋಡಿದಳಾ?"

"ಇಲ್ಲ ಸಾರ್. 'ಒಂದ್ಸಲ ನೋಡ್ಬೇಕಮ್ಮ, ನಿಯಮ' ಅಂದೆ. 'ನೋಡೋದು ಬೇಡ, ನನ್ನ ಗಂಡ ಸತ್ತಿರೋದು ನನಗೆ ಚೆನ್ನಾಗಿ ಗೊತ್ತು' ಅಂದ್ರು. ಹಾಗೆ ಹೇಳೋರನ್ನ ನಾವು ಒತ್ತಾಯ ಮಾಡಲ್ಲ."

ಕಡ್ಡಿ ಗಾಜಿನ ಮೇಲೆ ಕೈಯಿಟ್ಟ. ಬಡಿಯಲಿಲ್ಲ. ಒಳಗಿನ ಡ್ರಾಯರಿನಲ್ಲಿ ಯಾರೋ ಒಬ್ಬ, ಆ ಕೋಟು ಅವನ ಮೈಗೆ ಹೇಗೆ ಬಂತೋ ಏನೋ, ಈಗ ಬೇರೆ ಯಾರದೋ ಹೆಸರು ಹೊತ್ತು ಮಲಗಿದ್ದ. ಆ ಹೆಸರಿನವನು ಎಲ್ಲೋ ಒಂದು ಊರಿನಲ್ಲಿ ಚೀಲ ಹಿಡಿದು ನಡೆಯುತ್ತಿದ್ದ, ಜಗತ್ತಿನ ಲೆಕ್ಕದಲ್ಲಿ ಸತ್ತವನಾಗಿ. ಸತ್ತವನನ್ನು ಹುಡುಕಿ ಕೊಡಿ ಎಂದರೆ ಯಾವ ಠಾಣೆಯವರೂ ಎದ್ದು ನಿಲ್ಲುವುದಿಲ್ಲ.

"ಆಮೇಲೆ ಎಲ್ಲಿ ಹೋದಳು?"

"ಗೊತ್ತಿಲ್ಲ. ಆ ಕಾಗದದ್ದು ಒಂದು ಪ್ರತಿ ಬೇಕು ಅಂದ್ರು. ಮೊಹರು ಹಾಕಿ ಕೊಟ್ಟೆ. ಮಡಿಸಿ ಒಳಗಿಟ್ಕೊಂಡ್ರು."

"ಪ್ರತಿ ಯಾಕೆ?"

"ನಾನೂ ಅದನ್ನೇ ಕೇಳ್ದೆ ಸಾರ್. 'ಒಬ್ಬರಿಗೆ ತೋರಿಸ್ಬೇಕು' ಅಂದ್ರು."

ಅವಳು ಸತ್ತಳೆಂದು ಹೇಳಿಕೊಂಡು ತಿರುಗುವ ಗಂಡನಿಗೇ ತೋರಿಸಲು ಹೊರಟಿದ್ದಾಳೆ ಎಂದು ಹೊಳೆದದ್ದೇ ಕಡ್ಡಿ ಓಡಿದ. ಮೆಟ್ಟಿಲು, ಅಂಗಳ, ಕಬ್ಬಿಣದ ಗೇಟು. ಬಸ್ಸು ನಿಲ್ಲುವ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಬಂದರಿನ ಊರಿನ ಬಸ್ಸು ಹೋಗಿ ಕಾಲು ಗಂಟೆಯಾಯಿತು ಎಂದು ಪತ್ರಿಕೆ ಮಾರುವವನು ಹೇಳಿದ. ಯಾರು ಹತ್ತಿದರು, ಯಾರು ಬಿಟ್ಟರು ಎಂದು ತಾನು ನೋಡಲಿಲ್ಲ ಎಂದೂ ಹೇಳಿದ.

ಆ ದಿನವೂ ಅದರ ಮರುದಿನವೂ ಅವನು ಹೊಲಿಗೆ ಅಂಗಡಿಯ ಶಟರು ತೆಗೆದು ಒಳಗೆ ಕೂತ. ಅವಳು ಬರಲಿಲ್ಲ.